ನಿನ್ನೆಯ ಲೆಕ್ಕ ತೋರಿಸುವ ಸಾಲು

ಬಾಗಿಲ ಮೇಲೆ ಕಪ್ಪು ಬಣ್ಣದಲ್ಲಿ ಬರೆದಿದ್ದ ‘ಕೊಲೆಗಾರ’ ಎಂಬ ಪದದಲ್ಲಿ ಮೊದಲ ಅಕ್ಷರ ಮಾತ್ರ ಅಳಿಸಿತ್ತು. ಉಳಿದದ್ದನ್ನು ಸೀಮೆಎಣ್ಣೆ ಬಟ್ಟೆಯಿಂದ ಉಜ್ಜುತ್ತಿದ್ದ ಹೆಂಗಸು ತಿರುಗಿಯೂ ನೋಡದೆ ಹೇಳಿದಳು:

“ಪೇಪರ್‌ನೋರಾದ್ರೆ ಹಾಗೇ ಹೊರಡಿ. ಬೈಯೋಕೆ ಬಂದಿದ್ರೆ ಬೈದು ಹೊರಡಿ. ನನಗೆ ಕೈ ಬಿಡುವಿಲ್ಲ.”

“ಎರಡೂ ಅಲ್ಲಮ್ಮ. ನಿಮ್ಮ ಯಜಮಾನರ ಹತ್ರ ಒಂದು ವಿಷಯ ಕೇಳ್ಬೇಕು.”

“ಅವರ ಹತ್ರ ಕೇಳ್ಬೇಕಾ?” ಹೆಂಗಸು ಈಗ ತಿರುಗಿದಳು. “ನಿಮ್ಮದು ಗಟ್ಟಿ ಗುಂಡಿಗೆ ಬಿಡಿ. ಹೋಗಿ. ಊರಿಗೆ ಉಪಕಾರಿ, ಮನೆಗೆ ಮಾರಿ, ಒಳಗೇ ಕೂತಿದಾರೆ.”

ಬಂದಾಕೆ ಪೊಲೀಸ್ ಕೆಲಸ ಬಿಟ್ಟು ಬಹಳ ಕಾಲವಾಗಿತ್ತು. ಕೆಲಸ ಬಿಟ್ಟರೂ ಹೆಸರು ಬಿಟ್ಟಿರಲಿಲ್ಲ. ಈಗಲೂ ಎಲ್ಲರ ಬಾಯಲ್ಲಿ ಆಕೆ ಇನ್ಸ್‌ಪೆಕ್ಟರಮ್ಮನೇ.

ಒಳಗಿನ ಕೋಣೆಯ ಕಿಟಕಿಗೆ ಹಳೆಯ ಪತ್ರಿಕೆ ಅಂಟಿಸಿದ್ದರು. ಗಾಜು ಒಡೆದಿತ್ತು. ಮೇಜಿನ ಮೇಲೆ ಎರಡು ಕಂಪ್ಯೂಟರ್ ಪರದೆ, ಒಂದು ಕೈ ಮುರಿದ ಕುರ್ಚಿ, ಆ ಕುರ್ಚಿಯಲ್ಲಿ ಕನ್ನಡಕವನ್ನು ನೆತ್ತಿಗೇರಿಸಿಕೊಂಡ ಗಂಡಸು. ಈತನೇ ‘ಗರುಡ’. ‘ಜಗಲಿ’ ಎಂಬ ಜಾಲತಾಣದಲ್ಲಿ ಪ್ರೋಗ್ರಾಂ ಬರೆಯಲು ಕಲಿಯುವ ಹೊಸಬರ ಪ್ರಶ್ನೆಗಳಿಗೆ ವರ್ಷಗಟ್ಟಲೆ ಉತ್ತರ ಕೊಟ್ಟವನು. ಉತ್ತರದ ಜೊತೆಗೆ ಬೈಗುಳವನ್ನೂ ಪುಕ್ಕಟೆ ಕೊಟ್ಟವನು.

“ಪೊಲೀಸ್ ಆಗಿದ್ರಂತಲ್ಲ. ಲಾಠಿ ಎಲ್ಲಿ?” ಎಂದ ಗರುಡ.

“ವಾಪಸ್ ಕೊಟ್ಟೆ. ನಾಲಿಗೆ ಇಟ್ಕೊಂಡಿದೀನಿ.”

ಕೂರಿ ಎಂದು ಆತ ಹೇಳಲಿಲ್ಲ. ಆಕೆ ಕೂತಳು. ಚೀಲದಿಂದ ಒಂದು ಹಾಳೆ ತೆಗೆದು ಅವನ ಮುಂದಿಟ್ಟಳು. ಅದು ದೊಡ್ಡಾಸ್ಪತ್ರೆಯ ಬ್ಲಡ್ ಬ್ಯಾಂಕಿನಲ್ಲಿ ಓಡುತ್ತಿದ್ದ ಪ್ರೋಗ್ರಾಮಿನ ನಕಲು. ಬರೆದವಳು ಅಲ್ಲಿನ ಟೆಕ್ನಿಷಿಯನ್. ಆಸ್ಪತ್ರೆಗೆಲ್ಲ ಆಕೆ ‘ಲ್ಯಾಬಕ್ಕ’. ಹೆರಿಗೆಗೆ ಬಂದ ಹೆಂಗಸಿಗೆ ರಕ್ತ ಬೇಕಾದಾಗ ಲ್ಯಾಬಕ್ಕನ ಪರದೆ ‘ರಕ್ತ ಇದೆ’ ಅಂದಿತು, ಫ್ರಿಜ್ ಬರಿದಾಗಿತ್ತು. ಬೇರೆ ಆಸ್ಪತ್ರೆಯಿಂದ ತರಿಸುವ ಹೊತ್ತಿಗೆ ಬಾಣಂತಿಯ ಜೀವ ಹೋಗಿತ್ತು. ಲ್ಯಾಬಕ್ಕ ಈಗ ಜೈಲಿನಲ್ಲಿ.

ಹಾಳೆಯಲ್ಲಿ ಒಂದು ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿತ್ತು.

“ಈ ಸಾಲು ನಿಮ್ಮದಾ?”

ಗರುಡ ಕನ್ನಡಕ ಇಳಿಸಿದ. ನೋಡಿದ. ನಗಬೇಕೆಂದು ನಕ್ಕ ಹಾಗಿತ್ತು.

“ನಾನು ಇಂಥ ಹೊಲಸು ಬರೆದ್ರೆ ನನ್ನ ಕೈ ನಾನೇ ಕತ್ತರಿಸ್ಕೋತೀನಿ.”

“ಏನು ಹೊಲಸು? ನನಗೆ ತಿಳಿಯೋ ಹಾಗೆ ಹೇಳಿ.”

“ನಿಮಗೆ ತಿಳಿಯಲ್ಲ.”

“ಲ್ಯಾಬಕ್ಕನಿಗೂ ಹಾಗೇ ಅಂದ್ರಿ.”

 ಹೊರಗೆ ಬಟ್ಟೆ ಬಾಗಿಲನ್ನು ಉಜ್ಜುವುದು ನಿಂತಿತು. ಹೆಂಡತಿ ಕೇಳಿಸಿಕೊಳ್ಳುತ್ತಿದ್ದಳು.

“ನಾನು ಸಾಯಿಸಿಲ್ಲ,” ಎಂದ ಗರುಡ. ದನಿ ಸಣ್ಣದಾಗಿತ್ತು. “ಜಗಲೀಲಿ ಅವಳ ಪ್ರಶ್ನೆ ಕೆಳಗೆ ನನ್ನ ಹೆಸರಿದೆ, ‘ಈ ಉತ್ತರ ತೆಗೆದುಹಾಕಲಾಗಿದೆ’ ಅಂತಿದೆ. ಅಷ್ಟೇ ಸಾಕಾಯ್ತು ಜನಕ್ಕೆ. ಆ ಸಾಲು ಕೊಟ್ಟು ಆಮೇಲೆ ಅಳಿಸಿದ ಅಂದ್ರು. ಮನೆ ವಿಳಾಸ ಹುಡುಕಿದ್ರು. ನಾನು ಕೋಡ್ ಕಲಿಸಿದ ಹುಡುಗರೇ ಹುಡುಕಿರ್ತಾರೆ. ಚೆನ್ನಾಗಿ ಕಲಿಸಿದೀನಿ.”

“ನೀವು ಬರೆದದ್ದು ಏನು?”

“ಅಳಿಸಿದ ಉತ್ತರ ಬರೆದವನಿಗೆ ಮಾತ್ರ ಕಾಣುತ್ತೆ. ನೋಡಿ.”

ಪರದೆಯನ್ನು ಅವಳ ಕಡೆ ತಿರುಗಿಸಿದ. ಇನ್ಸ್‌ಪೆಕ್ಟರಮ್ಮನಿಗೆ ಕಂಪ್ಯೂಟರ್ ಎಂದರೆ ಟಿಕೆಟ್ ಕಾಯ್ದಿರಿಸುವುದು, ಅದೂ ಯಾರಾದರೂ ಪಕ್ಕದಲ್ಲಿದ್ದರೆ. ಆದರೂ ಮೊದಲ ಉತ್ತರ ಓದಲು ಕಷ್ಟವಾಗಲಿಲ್ಲ.

‘ಪ್ರೋಗ್ರಾಂ ಸರಿಯಾಗಿದೆ. ಬುಟ್ಟಿಯಲ್ಲಿ ಹಣ್ಣೇ ಕಮ್ಮಿ ಇದೆ. ಎಣಿಸೋಕೆ ಬರಲ್ವಾ? ಕಣ್ಣು ಮನೇಲಿಟ್ಟು ಬಂದಿದೀಯಾ?’

“ಬುಟ್ಟಿ? ಹಣ್ಣು?”

“ಹೊಸಬರೆಲ್ಲ ಹೀಗೇ. ಕೆಲಸದ ಜಾಗದ ವಿಷಯ ಹೊರಗೆ ಹೇಳೋ ಹಾಗಿಲ್ಲ ನೋಡಿ. ಆಸ್ಪತ್ರೆಯೋರು ಹಣ್ಣಿನಂಗಡಿ ಅಂತಾರೆ, ಬ್ಯಾಂಕಿನೋರು ಶಾಲೆ ಅಂತಾರೆ. ವೇಷ ಹಾಕ್ಕೊಂಡು ಬಂದು ಕೇಳ್ತಾರೆ. ಇವಳೂ ನನ್ನದೊಂದು ಹಣ್ಣಿನಂಗಡಿ ಅಂದ್ಲು. ಬುಟ್ಟಿಗಳಿವೆ, ಬೆಳಿಗ್ಗೆ ಎಣಿಸ್ತೀನಿ, ಎಣಿಸಿದಾಗೆಲ್ಲ ಪ್ರೋಗ್ರಾಂ ಎರರ್ ಅಂತ ನಿಂತುಬಿಡುತ್ತೆ, ನಾನು ಎಲ್ಲಿ ತಪ್ಪಿದೀನಿ ಹೇಳಿ ಅಂದ್ಲು.”

“ಎಲ್ಲಿ ತಪ್ಪಿದ್ಲು?”

“ಎಲ್ಲೂ ಇಲ್ಲ!” ಗರುಡ ಮೇಜು ಗುದ್ದಿದ. “ಅದೇ ನನ್ನ ಹೊಟ್ಟೆ ಉರಿಸೋದು. ಎಷ್ಟಿರಬೇಕು, ಎಷ್ಟಿದೆ, ಎರಡೂ ಹೊಂದದೆ ಹೋದ್ರೆ ಪ್ರೋಗ್ರಾಂ ನಿಲ್ಲುತ್ತೆ. ನಿಲ್ಲಲೇಬೇಕು. ಬುಟ್ಟಿಯಿಂದ ಯಾರೋ ಹಣ್ಣು ಎತ್ತುತ್ತಿದಾರೆ ಅಂತ ಆ ಪ್ರೋಗ್ರಾಂ ಬಡ್ಕೊಳ್ತಿತ್ತು. ಇವಳು ತನಗೇ ಬರಲ್ಲ ಅಂದ್ಕೊಂಡ್ಲು. ಕಲಿಯೋರೆಲ್ಲ ಹಾಗೇ. ಮನೆಗೆ ಕಳ್ಳ ನುಗ್ಗಿ ನಾಯಿ ಬೊಗಳಿದ್ರೂ, ನಾಯಿ ಸಾಕೋಕೆ ನನಗೆ ಬರಲಿಲ್ಲ ಅಂತ ಅಳ್ತಾರೆ.”

ಇನ್ಸ್‌ಪೆಕ್ಟರಮ್ಮ ಕೆಂಪು ಗೆರೆಯನ್ನು ಮತ್ತೊಮ್ಮೆ ನೋಡಿದಳು. ಅಂದರೆ ರಕ್ತ ಮೊದಲಿನಿಂದಲೇ ಕಳವಾಗುತ್ತಿತ್ತು. ಲ್ಯಾಬಕ್ಕನೇ ಕದ್ದಳು, ಕಳ್ಳತನ ಮುಚ್ಚುವುದಕ್ಕೆಂದೇ ಪ್ರೋಗ್ರಾಂ ಬರೆದಳು ಎನ್ನುತ್ತಿದ್ದರು ಪೊಲೀಸರು. ಪ್ರೋಗ್ರಾಂ ಕಳ್ಳತನವನ್ನು ಹಿಡಿದಿತ್ತು.

“ಆಮೇಲೆ?”

“ಆಮೇಲೆ ಯಾರೋ ಈ ಸಾಲು ಕೊಟ್ರು. ಎಲ್ಲರೆದುರಿಗಲ್ಲ, ಒಳಗಿಂದೊಳಗೆ, ಅವಳೊಬ್ಬಳಿಗೇ ಕಾಣೋ ಹಾಗೆ. ಎರಡು ಲೆಕ್ಕ ಹೊಂದದೆ ಹೋದ್ರೆ ನಿಲ್ಲಬೇಡ, ನಿನ್ನೆಯ ಲೆಕ್ಕವನ್ನೇ ತೋರಿಸು ಅಂತ ಹೇಳೋ ಸಾಲು. ಎರರ್ ಮಾಯ. ಇವಳು ಕುಣಿದಾಡ್ಕೊಂಡು ಬಂದು ಇಡೀ ಕೋಡ್ ಜಗಲಿ ಮೇಲೆ ಹಾಕಿದ್ಲು, ‘ಸರಿಹೋಯ್ತು, ಎಲ್ಲರಿಗೂ ವಂದನೆ’ ಅಂತ. ನಾನು ನೋಡಿದೆ. ಬರೆದೆ.”

ಎರಡನೆಯ ಉತ್ತರ:

‘ಇದನ್ನ ಓಡಿಸಬೇಡ. ಬುಟ್ಟಿ ಖಾಲಿಯಾದರೂ ನಿನ್ನೆಯ ಹಣ್ಣು ತೋರಿಸುತ್ತೆ. ಈ ಸಾಲು ಕೊಟ್ಟ ಕತ್ತೆ ಯಾರು? ನಂಬಿದ ಕತ್ತೆಯಂತೂ ನೀನೇ.’

ಅದರ ಕೆಳಗೆ ಜಗಲಿಯವರ ಪ್ರಕಟಣೆ. ಹೊಸಬರನ್ನು ಅವಮಾನಿಸಿದ್ದಕ್ಕಾಗಿ ಗರುಡನ ಉತ್ತರಗಳನ್ನು ತೆಗೆದಿದ್ದರು. ಇನ್ನು ಮುಂದೆ ಅವನು ಬರೆಯುವಂತಿರಲಿಲ್ಲ.

“ದೂರು ಕೊಟ್ಟಿದ್ದು ಅವಳೇ,” ಎಂದ ಗರುಡ.

ಸೇವೆಯಲ್ಲಿದ್ದಾಗ ಇನ್ಸ್‌ಪೆಕ್ಟರಮ್ಮ ಸುಳ್ಳು ಹೇಳಿ ಕೆಟ್ಟವರನ್ನು ಬೇಕಾದಷ್ಟು ನೋಡಿದ್ದಳು. ನಿಜವನ್ನೇ ಹೇಳಿ, ಹೇಳಿದ ರೀತಿಯಿಂದಲೇ ಆ ನಿಜವನ್ನು ಕೊಂದವನನ್ನು ನೋಡಿರಲಿಲ್ಲ. ಸಿಟ್ಟು ಬಂತು.

“ಕತ್ತೆ ಅನ್ನೋದೊಂದನ್ನ ಬಿಟ್ಟು ಬರೆದಿದ್ರೆ ಆ ಉತ್ತರ ಇವತ್ತೂ ಅಲ್ಲೇ ಇರ್ತಿತ್ತು. ಅವಳು ಸಿಟ್ಟಾಗದೆ ಪೂರ್ತಿ ಓದ್ತಿದ್ಲು. ಆ ಬಾಣಂತಿ ಮನೆಗೆ ಹೋಗ್ತಿದ್ಲು.”

“ಗೊತ್ತು.”

“ಗೊತ್ತಿದ್ದೂ—”

“ಗೊತ್ತು ಅಂದ್ನಲ್ಲ!” ಗರುಡ ಎದ್ದು ನಿಂತ. ನಿಂತವನು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಮತ್ತೆ ಕೂತ. “ನಾನೂ ಮೊದಮೊದಲು ‘ದಯವಿಟ್ಟು’ ಅಂತಿದ್ದೆ ಮೇಡಂ. ಬಾವಿಕಟ್ಟೆ ಮೇಲೆ ಕೂತು ಬಂದೋರಿಗೆಲ್ಲ ನೀರು ಸೇದಿ ಕೊಟ್ಟೆ. ಕುಡಿದೋರು ಬಾಯಿ ಒರೆಸ್ಕೊಂಡು ಹೋದ್ರು. ನಾಳೆ ಅವರೇ ಬಂದು ಅದೇ ಪ್ರಶ್ನೆ. ನಾಡಿದ್ದೂ ಅದೇ. ಸೇದಿ ಸೇದಿ ಹಗ್ಗದ ಜೊತೆ ನಾನೂ ಸವೆದೆ. ಬಿಟ್ಟು ಹೋಗೋಕೂ ಆಗಲಿಲ್ಲ. ಬೈದ್ರೆ ಮಾತ್ರ ಒಂದು ಸಲ ತಿರುಗಿ ನೋಡ್ತಿದ್ರು.”

ಬಾಗಿಲ ಬಳಿಯಿಂದ ಹೆಂಡತಿ ಹೇಳಿದಳು: “ನನ್ನನ್ನೂ ಹಾಗೇ ಬೈತಿದ್ರು. ನಾನು ತಿರುಗಿ ನೋಡೋದು ಬಿಟ್ಟೆ.”

 ಬಟ್ಟೆ ಮತ್ತೆ ಬಾಗಿಲನ್ನು ಉಜ್ಜತೊಡಗಿತು.

“ಸಾಲು ಕೊಟ್ಟೋರು ಯಾರು?” ಇನ್ಸ್‌ಪೆಕ್ಟರಮ್ಮ ಕೇಳಿದಳು.

“ಮೇಷ್ಟ್ರು.”

“ಯಾವ ಮೇಷ್ಟ್ರು?”

“ಜಗಲೀಲಿ ಆ ಹೆಸರಿನವನೊಬ್ಬ ಇದಾನೆ. ಬೆಣ್ಣೇಲಿ ಕೂದಲು ತೆಗೆದ ಹಾಗೆ ಮಾತು. ‘ಗಾಬರಿ ಬೇಡ ತಾಯಿ, ಎಲ್ಲರೂ ಎಡವಿಯೇ ಕಲಿಯೋದು’ ಅಂತಾನೆ. ಹೊಸಬರಿಗೆಲ್ಲ ಅವನು ದೇವರು. ನಿಜವಾದ ಹೆಸರು, ಮುಖ ಯಾರಿಗೂ ಗೊತ್ತಿಲ್ಲ.”

“ಇದು ಅವನದೇ ಅಂತ ಹೇಗೆ ಹೇಳ್ತೀರಿ?”

“ಒಬ್ಬೊಬ್ಬರ ಕೋಡಿಗೂ ಒಂದೊಂದು ನಡಿಗೆ ಇರುತ್ತೆ. ಇವನು ಪ್ರತಿ ಸಾಲಿನ ಮೇಲೂ ಅದರ ಅರ್ಥವನ್ನ ಮಾತಲ್ಲಿ ಬರೀತಾನೆ. ಬರೆದು ಕೊನೇಲಿ ಎರಡು ಚುಕ್ಕೆ ಇಡ್ತಾನೆ. ಒಂದಲ್ಲ, ಮೂರಲ್ಲ. ಎರಡು. ಬೇರೆ ಯಾರೂ ಹಾಗಿಡಲ್ಲ.”

ಇನ್ಸ್‌ಪೆಕ್ಟರಮ್ಮ ಹಾಳೆಯನ್ನು ಹತ್ತಿರಕ್ಕೆಳೆದಳು. ಚಿಹ್ನೆಗಳು, ಆವರಣಗಳು ಅವಳಿಗೆ ಇರುವೆ ಸಾಲಿನಂತೆ ಕಂಡವು. ಕೆಂಪು ಗೆರೆಯ ಸಾಲಿನ ಮೇಲಿದ್ದ ವಿವರಣೆ ಮಾತ್ರ ಅರ್ಥವಾಗುತ್ತಿತ್ತು. ಅದನ್ನೇ ಎರಡು ಸಲ ಓದಿದಳು.

‘ಚೀಲ ಸಿಗದಿದ್ದರೆ ನಿನ್ನೆಯ ಲೆಕ್ಕ ತೋರಿಸು..’

“ಅವಳು ರಕ್ತದ ಮಾತು ಜಗಲೀಲಿ ಎಲ್ಲೂ ಎತ್ತಿಲ್ವಾ?”

“ಒಂದು ಕಡೆಯೂ ಇಲ್ಲ. ಬುಟ್ಟಿ, ಹಣ್ಣು, ಅಷ್ಟೇ.”

“ಹಾಗಾದ್ರೆ ಈ ಚೀಲ ಎಲ್ಲಿಂದ ಬಂತು?”

ಗರುಡ ಹಾಳೆ ಕಿತ್ತುಕೊಂಡ. ಓದಿದ. 

ಹಣ್ಣು ಬುಟ್ಟಿಯಲ್ಲಿರುತ್ತದೆ. ಚೀಲದಲ್ಲಿರುವುದು ರಕ್ತ. ಮೇಷ್ಟ್ರಿಗೆ ಆ ವೇಷದ ಹಿಂದಿನ ಮುಖ ಗೊತ್ತಿತ್ತು.

“ಇದನ್ನ ಎಷ್ಟು ಸಲ ಓದಿದೀನೋ,” ಎಂದ ಗರುಡ ಮೆಲ್ಲಗೆ. “ಕೋಡ್ ಓದಿದೆ. ಮಾತು ಓದಲಿಲ್ಲ.”

*

ಹೆಂಗಸರ ಜೈಲಿನ ಗೇಟಿನಲ್ಲಿ ಕಾವಲಿನವಳು ಇಬ್ಬರ ಮೊಬೈಲನ್ನೂ ಇಸಿದುಕೊಂಡು ಗೂಡಿನಲ್ಲಿಟ್ಟಳು. ಇನ್ಸ್‌ಪೆಕ್ಟರಮ್ಮನ ಜೊತೆ ಬಂದಿದ್ದವನು ಲ್ಯಾಬಕ್ಕನ ತಮ್ಮ. ಕಂಪ್ಯೂಟರ್ ಕಲಿಸುವ ಸಂಸ್ಥೆಯೊಂದರಲ್ಲಿ ಪಾಠ ಹೇಳುತ್ತಾನೆ. ಅಕ್ಕ ನಿರಪರಾಧಿ, ನಿಜ ಹುಡುಕಿ ಕೊಡಿ ಎಂದು ಇನ್ಸ್‌ಪೆಕ್ಟರಮ್ಮನ ಮನೆ ಬಾಗಿಲಿಗೆ ಬಂದು ಅತ್ತವನು ಅವನೇ.

“ನನ್ನ ಹೆಂಡತಿ ಬಟ್ಟೆ ಕಳಿಸಿದಾಳೆ, ಕೊಟ್ಟುಬಿಡಿ,” ಎಂದು ಗಂಟನ್ನು ಅವಳ ಕೈಗಿತ್ತು ಕಾರಿಡಾರಿನ ಬೆಂಚಿನಲ್ಲಿ ಕೂತ. ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ಒಳಗೆ ಬಿಡುತ್ತಿದ್ದರು. ಕಾವಲಿನವಳು ಬೆಂಚಿನ ಎದುರಿಗೇ ಕುರ್ಚಿ ಹಾಕಿಕೊಂಡಳು.

ಜಾಲರಿಯ ಆಚೆ ಲ್ಯಾಬಕ್ಕ ಬಂದು ನಿಂತಳು. ಕೂದಲು ಬಾಚಿರಲಿಲ್ಲ. ಬಂದವಳು ಮೊದಲು ಕೇಳಿದ್ದು ತನ್ನ ಬಗ್ಗೆ ಅಲ್ಲ.

“ಆ ಬಾಣಂತಿ ಮಗೂಗೆ ಹೆಸರಿಟ್ರಂತಾ?”

“ಗೊತ್ತಿಲ್ಲಮ್ಮ. ವಿಚಾರಿಸ್ತೀನಿ.”

“ವಿಚಾರಿಸಿ. ದಿನಾ ಅದೇ ತಲೇಲಿ.”

“ಈಗ ನಾನೊಂದು ಮಾತು ಹೇಳ್ತೀನಿ, ಸಮಾಧಾನವಾಗಿ ಕೇಳು. ನಿನ್ನ ಪ್ರೋಗ್ರಾಂ ಸರಿಯಾಗಿತ್ತು. ಮೊದಲ ದಿನದಿಂದ್ಲೂ ಸರಿಯಾಗಿತ್ತು. ಎರರ್ ಬಂದಿದ್ದು ನಿನ್ನ ತಪ್ಪಿನಿಂದಲ್ಲ, ಫ್ರಿಜ್ಜಿನಿಂದ ಯಾರೋ ಕದೀತಿದ್ರು ಅಂತ.”

ಲ್ಯಾಬಕ್ಕ ಜಾಲರಿ ಹಿಡಿದುಕೊಂಡಳು. 

“ಸರಿಯಾಗಿತ್ತಾ?”

“ಸರಿಯಾಗಿತ್ತು.”

“ಮನೇಲಿ ತಮ್ಮನ್ನ ಕೇಳಿದ್ರೆ ‘ಅಕ್ಕ, ಇದು ನಿನ್ನ ತಲೆಗೆ ಹತ್ತೋ ವಿದ್ಯೆ ಅಲ್ಲ, ಬಿಡು’ ಅಂತಿದ್ದ. ಊರಿಗೆಲ್ಲ ಕಲಿಸ್ತಾನೆ, ನನಗೆ ಹೇಳಿಕೊಡೋಕೆ ಕೂತ್ರೆ ಸಿಟ್ಟು ನೆತ್ತಿಗೇರ್ತಿತ್ತು. ಅದಕ್ಕೇ ಗೊತ್ತಿಲ್ಲದೋರ ಹತ್ರ ಹೋಗಿ ಕೇಳಿದ್ದು.” ಅಳುತ್ತಲೇ ನಕ್ಕಳು. “ನನಗೆ ಬರ್ತಿತ್ತು. ನೋಡಿ, ನನಗೆ ಬರ್ತಿತ್ತು.”

ಅವಳು ಕಣ್ಣೊರೆಸಿಕೊಳ್ಳುವವರೆಗೆ ಇನ್ಸ್‌ಪೆಕ್ಟರಮ್ಮ ಕಾದಳು. ನಂತರ ಹಾಳೆಯನ್ನು ಜಾಲರಿಗೆ ಒತ್ತಿ ಹಿಡಿದಳು.

“ಮೇಷ್ಟ್ರಿಗೆ ನಿನ್ನ ಕೆಲಸ ಏನು ಅಂತ ಹೇಳಿದ್ಯಾ?”

“ಇಲ್ಲ. ಹಣ್ಣಿನಂಗಡಿ ಅಂದಿದ್ದೆ.”

“ಓದು ಇದನ್ನ. ಚೀಲ ಅಂತಿದೆ. ಅವನು ನಿಮ್ಮ ಆಸ್ಪತ್ರೆಯವನೇ ಇರ್ಬೇಕು.”

“ಆಸ್ಪತ್ರೇಲಿ ಯಾರೂ ಚೀಲ ಅನ್ನಲ್ಲ,” ಲ್ಯಾಬಕ್ಕ ತಟ್ಟನೆ ಅಂದಳು. “ಬ್ಯಾಗ್ ಅಂತಾರೆ. ಚೀಲ ಅನ್ನೋದು—”



ಇನ್ಸ್‌ಪೆಕ್ಟರಮ್ಮ ಅವಳ ಮುಖ ನೋಡುತ್ತಲೇ ಇದ್ದಳು. ಈಗಷ್ಟೇ ಅರಳಿದ್ದ ಮುಖ ದೀಪ ಆರಿಸಿದ ಕೋಣೆಯಂತಾಯಿತು. ಲ್ಯಾಬಕ್ಕ ಹಾಳೆಯನ್ನು ನೋಡಲಿಲ್ಲ. ಬಾಗಿಲಿನ ಸಣ್ಣ ಗಾಜಿನಾಚೆ, ಬೆಂಚಿನ ಮೇಲೆ ಕೂತವನ ಬೆನ್ನನ್ನು ನೋಡಿದಳು.

“ಚೀಲ ಅನ್ನೋದು ಯಾರು?”

“ಯಾರೂ ಇಲ್ಲ.”

“ಮನೇಲಿ ಹಾಗಂತೀರಾ?”

“ಯಾರೂ ಇಲ್ಲ ಅಂದ್ನಲ್ಲ ಮೇಡಂ.” ಅವಳು ಹಿಂದೆ ಸರಿದಳು. “ನಿಮ್ಮನ್ನ ಕರೆಸಿದ್ದು ಅವನೇ ಅಲ್ವಾ?”

“ಹೌದು. ತಾನಾಗೇ ಬಂದ.”

“ನಾನು ಬೇಡ ಅಂತೀನಿ. ಈ ಕೇಸು ಬಿಟ್ಟುಬಿಡಿ. ಆ ಸಾಲು ನಾನೇ ಬರೆದಿದ್ದು. ರಕ್ತ ಎತ್ತಿದ್ದೂ ನಾನೇ. ನಾಳೆ ಕೋರ್ಟಲ್ಲಿ ಒಪ್ಕೊಳ್ತೀನಿ.”

“ಹುಚ್ಚು ಹಿಡೀತೇನೇ ನಿನಗೆ? ಈಗ ತಾನೇ—”

“ಅಮ್ಮ ಹೋದಾಗ ಅವನಿನ್ನೂ ಸ್ಲೇಟು ಹಿಡೀತಿದ್ದ,” ಎಂದಳು ಲ್ಯಾಬಕ್ಕ. ಅಷ್ಟು ಹೇಳಿ ಬಟ್ಟೆಯ ಗಂಟನ್ನೂ ತೆಗೆದುಕೊಳ್ಳದೆ ಒಳಗೆ ನಡೆದುಬಿಟ್ಟಳು.

ಇನ್ಸ್‌ಪೆಕ್ಟರಮ್ಮ ಗಂಟು ಹಿಡಿದು ಅಲ್ಲೇ ನಿಂತಳು. ಮನೆಯಲ್ಲಿ ಅಕ್ಕನಿಗೆ ಒಂದು ಸಾಲು ಹೇಳಿಕೊಡಲು ತಾಳ್ಮೆಯಿಲ್ಲದವನು, ಮುಖವಾಡ ಹಾಕಿಕೊಂಡು ‘ಗಾಬರಿ ಬೇಡ ತಾಯಿ’ ಎನ್ನುತ್ತಿದ್ದನೇ? ಮೊದಲು ಪ್ರೀತಿಯಿಂದಲೇ ಹಾಕಿದ ಮುಖವಾಡವೇ? ಆಮೇಲೆ ಯಾವಾಗ ಕೆಟ್ಟಿತು? ಕೆಟ್ಟವನು ಪತ್ತೆ ಹಚ್ಚುವವಳನ್ನು ಕರೆಸಿದ್ದೇಕೆ, ತನ್ನ ಜಾಡು ಎಷ್ಟು ಅಳಿಸಿದೆಯೆಂದು ನೋಡುವುದಕ್ಕೇ?

ಕಾರಿಡಾರಿಗೆ ಬಂದಾಗ ತಮ್ಮ ಎದ್ದು ನಿಂತ.

“ಅಕ್ಕ ಏನಂದ್ಲು?”

“ಅವಳ ಫ್ರಿಜ್ಜಿನಲ್ಲಿರೋದಕ್ಕೆ ನಿಮ್ಮನೇಲಿ ಏನಂತೀರಿ?”

“ಅದಕ್ಕಾ?” ಅವನು ಗೊಂದಲಗೊಂಡ. ಆಮೇಲೆ ಮುಗುಳ್ನಕ್ಕ. ಅಂಜಿಕೆಯೇ ಇಲ್ಲದ ನಗು. “ಚೀಲ. ‘ಅಕ್ಕ, ಇವತ್ತು ಎಷ್ಟು ಚೀಲ ತುಂಬಿಸ್ದೆ’ ಅಂತ ನಾನೂ ನನ್ನ ಹೆಂಡತೀನೂ ರೇಗಿಸ್ತಿದ್ವಿ. ಯಾಕೆ?”

ಕಳ್ಳನಾದರೆ ಇಷ್ಟು ಸಲೀಸಾಗಿ ಒಪ್ಪಿಕೊಳ್ಳುತ್ತಾನೆಯೇ? ನಟನಾದರೆ ಒಪ್ಪಿಕೊಳ್ಳುತ್ತಾನೆ. ಅವಳು ಗೇಟಿನ ಕಡೆ ನಡೆದಳು.

ಗೇಟಿನ ಗೂಡಿನಲ್ಲಿ ಅವಳ ಮೊಬೈಲ್ ಬಡಿದುಕೊಳ್ಳುತ್ತಿತ್ತು. ತಮ್ಮನ ಮೊಬೈಲ್ ಅದರ ಪಕ್ಕದಲ್ಲೇ ಕಪ್ಪಗೆ ಬಿದ್ದಿತ್ತು.

“ಎಲ್ಲಿ ಹೋಗಿದ್ರಿ?” ಗರುಡನ ದನಿ. “ಆಗ್ಲಿಂದ ಫೋನ್ ಮಾಡ್ತಿದೀನಿ. ಮೇಷ್ಟ್ರು ಜಗಲಿ ಮೇಲೆ ಬಂದಿದಾನೆ.”

“ಯಾವಾಗ?”

“ಈಗ! ಈ ಗಳಿಗೇಲಿ! ಪ್ರಶ್ನೆ ಮೇಲೆ ಪ್ರಶ್ನೆ, ಉತ್ತರದ ಮೇಲೆ ಉತ್ತರ, ನನ್ನ ಕಣ್ಣೆದುರಿಗೇ ಬೀಳ್ತಿದೆ.”

ಇನ್ಸ್‌ಪೆಕ್ಟರಮ್ಮ ನಿಧಾನವಾಗಿ ತಿರುಗಿದಳು. ತಮ್ಮ ಬರಿಗೈಯಲ್ಲಿ ನಿಂತಿದ್ದ. ಬಂದಾಗಿನಿಂದ ಕಾವಲಿನವಳ ಕಣ್ಣೆದುರಿಗೇ ಕೂತಿದ್ದವನು.

ಅವನಲ್ಲ. ‘ಚೀಲ’ ಎನ್ನುವ ಇನ್ನೊಂದು ಬಾಯಿ ಆ ಮನೆಯಲ್ಲಿತ್ತು, ಈ ಬಟ್ಟೆಯ ಗಂಟು ಕಳಿಸಿದವಳದು. ಒಳಗಿದ್ದ ಲ್ಯಾಬಕ್ಕ ಮಾತ್ರ ತಮ್ಮನಿಗಾಗಿ ತಪ್ಪೊಪ್ಪಿಕೊಳ್ಳಲು ಹೊರಟಿದ್ದಳು.

“ಯಾರಿಗೆ ಉತ್ತರ ಕೊಡ್ತಿದಾನೆ?”

“ಯಾರೋ ಹೊಸಬ. ವೇಷಗೀಷ ಏನೂ ಹಾಕಿಲ್ಲ ಪಾಪ, ನೇರವಾಗಿ ಕೇಳಿದಾನೆ. ಆಸ್ಪತ್ರೇಲಿ ಆಕ್ಸಿಜನ್ ಸಿಲಿಂಡರ್ ಲೆಕ್ಕ ಹೊಂದ್ತಿಲ್ಲ, ಪ್ರೋಗ್ರಾಂ ನಿಂತುಬಿಡುತ್ತೆ, ನಾನೆಲ್ಲಿ ತಪ್ಪಿದೀನಿ ಅಂತ. ಮೇಷ್ಟ್ರು ಈ ಸಲ ಎಲ್ಲರೆದುರಿಗೇ ಅದೇ ಸಾಲು ಕೊಟ್ಟುಬಿಟ್ಟ.”

“ಓಡಿಸಬೇಡ ಅಂತ ಬರೀರಿ! ತಕ್ಷಣ!”

“ಹೇಗೆ ಬರೀಲಿ?” ಗರುಡನ ದನಿ ಒಡೆಯಿತು. “ನನ್ನನ್ನ ಹೊರಗೆ ಹಾಕಿದಾರಲ್ಲ ಮೇಡಂ. ಓದಬಹುದು. ಬರೆಯೋ ಹಾಗಿಲ್ಲ. ನೀವು ಹೊಸ ಹೆಸರಲ್ಲಿ ಒಳಗೆ ಬನ್ನಿ, ನಾನು ಹೇಳ್ತೀನಿ, ಮೊದಲು ಅಲ್ಲಿ ಮೇಲ್ಗಡೆ—”

 

“ಏನಾಯ್ತು? ಹಲೋ?”

ಪರದೆಯ ಮೇಲೆ ಆಗಷ್ಟೇ ಬಿದ್ದ ಸಾಲನ್ನು ಗರುಡ ಓದಿ ಹೇಳಿದ.

“‘ತುಂಬ ಥ್ಯಾಂಕ್ಸ್ ಮೇಷ್ಟ್ರೇ. ಎರರ್ ಹೋಯ್ತು.’”